ಎಲೆ ಒಂದು ಕಡೆ, ಶಂಕು ಇನ್ನೊಂದು ಕಡೆ

ಕಲ್ಲಿನಲ್ಲಿ ಮರ ಇಡಿಯಾಗಿ ಸಿಗುವುದಿಲ್ಲ. ಎಲೆ ಒಂದು ಪದರದಲ್ಲಿರುತ್ತದೆ, ಕಾಯಿ ಇನ್ನೊಂದರಲ್ಲಿ. ಪರಾಗ ಬರಿಗಣ್ಣಿಗೆ ಕಾಣದಂತೆ ಕೆಸರಿನಲ್ಲೆಲ್ಲ ಹರಡಿಕೊಂಡಿರುತ್ತದೆ, ಕಾಂಡ ಎಲ್ಲಿಗೋ ಕೊಚ್ಚಿಹೋಗಿರುತ್ತದೆ. ಮರವು ಬದುಕಿರುವಾಗಲೇ ವರ್ಷವರ್ಷವೂ ತನ್ನ ಭಾಗಗಳನ್ನು ಉದುರಿಸುತ್ತಾ ಬಂದಿರುತ್ತದೆ. ನಮ್ಮ ಕೈಗೆ ಬರುವುದು ಹಾಗೆ ಉದುರಿದ್ದರಲ್ಲಿ ಉಳಿದ ಅಲ್ಪಸ್ವಲ್ಪ. ಆದ್ದರಿಂದ ಸಸ್ಯಗಳ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವವರನ್ನು ಒಂದು ಪ್ರಶ್ನೆ ಎಂದೂ ಬಿಡುವುದಿಲ್ಲ: ಈ ಎಲೆ, ಈ ಕಾಯಿ ಒಂದೇ ಮರದ್ದೇ?

ನನಗೆ ಈ ಪ್ರಶ್ನೆ ಗಂಟುಬಿದ್ದದ್ದು ಆಲ್ಡರ್ ಮರದಿಂದ. ಶಾಸ್ತ್ರದಲ್ಲಿ ಇದರ ಕುಲದ ಹೆಸರು ಆಲ್ನಸ್. ಭೂರ್ಜಪತ್ರ ಕೊಡುವ ಬರ್ಚ್ ಮರದ ಕುಟುಂಬವಾದ ಬೆಟುಲೇಸಿಗೆ ಸೇರಿದ್ದು. ಇಂದು ಸುಮಾರು 35 ಪ್ರಭೇದಗಳಿವೆ. ಬಹುಪಾಲು ಉತ್ತರಾರ್ಧಗೋಳದವು. ಹಿಮಾಲಯದಲ್ಲಿ ಆಲ್ನಸ್ ನೆಪಾಲೆನ್ಸಿಸ್ ಮತ್ತು ಆಲ್ನಸ್ ನಿಟಿಡಾ ಬೆಳೆಯುತ್ತವೆ, ಯುರೋಪಿನಲ್ಲಿ ಆಲ್ನಸ್ ಗ್ಲುಟಿನೋಸಾ. ಆಂಡೀಸ್ ಪರ್ವತಶ್ರೇಣಿಯನ್ನು ಹಿಡಿದು ಅರ್ಜೆಂಟೀನಾದವರೆಗೆ ಇಳಿದದ್ದು ಆಲ್ನಸ್ ಅಕ್ಯುಮಿನಾಟಾ. ಹೊಳೆಯ ದಂಡೆ, ಕೆರೆಯ ಅಂಚು, ಜೌಗು ನೆಲ, ಕುಸಿದ ಗುಡ್ಡದ ಹಸಿಮಣ್ಣು, ಇವೆಲ್ಲ ಇದಕ್ಕೆ ಒಗ್ಗುವ ಜಾಗಗಳು. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಮನೆಮಾಡಿಕೊಂಡು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಬೇರೆ ಮರಗಳು ಬೇರೂರಲು ಹಿಂಜರಿಯುವ ಬಡ ಮಣ್ಣಿನಲ್ಲೂ ಆಲ್ಡರ್ ಸೊಂಪಾಗಿ ಏಳುವುದು ಅದರಿಂದಲೇ.

ನೀರಿನ ಪಕ್ಕದಲ್ಲಿ ಬೆಳೆಯುವ ಮರಕ್ಕೆ ಪಳೆಯುಳಿಕೆಯಾಗುವ ಅವಕಾಶ ಹೆಚ್ಚು. ಉದುರಿದ ಎಲೆ ನೇರವಾಗಿ ನೀರಿಗೆ ಬೀಳುತ್ತದೆ, ಹೂಳು ಅದನ್ನು ಮುಚ್ಚುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಪಬ್ಲಿಕ್ ಎಂಬಲ್ಲಿ ಸುಮಾರು 5 ಕೋಟಿ ವರ್ಷ ಹಳೆಯದಾದ ಸರೋವರದ ಪದರಗಳಿವೆ. ಒರೆಗಾನ್‌ನ ಬ್ರಿಡ್ಜ್ ಕ್ರೀಕ್ ಪದರಗಳಿಗೆ ಸುಮಾರು 3.3 ಕೋಟಿ ವರ್ಷ. ಎರಡೂ ಕಡೆ ಆಲ್ಡರ್ ಎಲೆಗಳಿವೆ. ಆದರೆ ಈ ಎಲೆಗೆ ಇನ್ನೊಂದು ಗುಣವೂ ಇದೆ. ಬಹುತೇಕ ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಆಲ್ಡರ್‌ಗೆ ಆ ಜಿಪುಣತನ ಬೇಕಿಲ್ಲ; ಹಸಿರು ಹಸಿರಾಗಿಯೇ ಉದುರಿಸಿಬಿಡುತ್ತದೆ. ಪೋಷಕಾಂಶ ತುಂಬಿದ ಆ ಎಲೆಯನ್ನು ನೀರಿನ ಶಿಲೀಂಧ್ರಗಳೂ ಹುಳುಗಳೂ ಬೇಗ ತಿಂದು ಮುಗಿಸುತ್ತವೆ. ಹೀಗಾಗಿ ಅತಿ ಸಣ್ಣ ನರಗಳೂ ಉಳಿದಿರುವ ಆಲ್ಡರ್ ಎಲೆ ಕಂಡಾಗ, ಮರದ ವಿಷಯ ಹಾಗಿರಲಿ, ಸರೋವರದ ತಳದ ಬಗ್ಗೆ ನನಗೆ ಮೊದಲು ಯೋಚನೆ ಬರುತ್ತದೆ. ಅಲ್ಲಿ ಆಮ್ಲಜನಕ ತೀರಾ ಕಡಿಮೆ ಇದ್ದಿರಬೇಕು, ಅಥವಾ ಹೂಳು ಬಹಳ ಬೇಗ ಬಂದು ಮುಚ್ಚಿರಬೇಕು.

ಈಗ ಎಲೆಯನ್ನೇ ನೋಡೋಣ. ಕಲ್ಲಿನ ಹಲಗೆಯನ್ನು ದೀಪದ ಕೆಳಗೆ ಇಟ್ಟು, ದೀಪವನ್ನು ಬಹುತೇಕ ಮೇಜಿನ ಮಟ್ಟಕ್ಕೆ ಬಗ್ಗಿಸಬೇಕು. ಮೇಲಿನಿಂದ ಬಿದ್ದ ಬೆಳಕಿನಲ್ಲಿ ಕಂದು ಕಲೆಯಂತೆ ಚಪ್ಪಟೆಯಾಗಿದ್ದದ್ದು, ಓರೆಬೆಳಕು ತಾಗಿದೊಡನೆ ಉಬ್ಬುತಗ್ಗುಗಳನ್ನು ತೋರಿಸತೊಡಗುತ್ತದೆ. ನಡುನರದಿಂದ ಎರಡೂ ಬದಿಗೆ ಪಕ್ಕದ ನರಗಳು ಹೆಚ್ಚು ಬಾಗದೆ ಓರೆಯಾಗಿ ಅಂಚಿನ ಕಡೆಗೆ ಸಾಗುತ್ತವೆ, ಒಂದೊಂದೂ ಒಂದೊಂದು ದೊಡ್ಡ ಹಲ್ಲಿನ ತುದಿಯಲ್ಲಿ ಮುಗಿಯುತ್ತದೆ. ಅಂಚಿಗೆ ಸ್ವಲ್ಪ ಮೊದಲು ಆ ನರದ ಕೆಳಬದಿಯಿಂದ ತೆಳುವಾದ ಕವಲುಗಳು ಹೊರಟು ದೊಡ್ಡ ಹಲ್ಲಿನ ಮೈಮೇಲಿರುವ ಸಣ್ಣ ಹಲ್ಲುಗಳಿಗೆ ಹೋಗುತ್ತವೆ. ಎರಡು ಪಕ್ಕದ ನರಗಳ ನಡುವೆ ಅಡ್ಡನರಗಳು ಏಣಿಯ ಮೆಟ್ಟಿಲಿನಂತೆ ಸಾಲಾಗಿ ಕೂತಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಹಲ್ಲನ್ನು ಬಹಳ ಹೊತ್ತು ನೋಡುತ್ತಾ ಕೂರುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಹಲ್ಲಿನ ಮೇಲಂಚು ನೇರವೋ ಒಳಬಾಗಿದೆಯೋ, ಕೆಳಂಚು ಉಬ್ಬಿದೆಯೋ, ಎರಡು ಹಲ್ಲುಗಳ ನಡುವಿನ ಸಂದು ಚೂಪೋ ದುಂಡೋ, ನರ ತುದಿಯ ನಟ್ಟನಡುವೆ ಬರುತ್ತದೆಯೋ ಒಂದು ಬದಿಗೆ ಸರಿದಿದೆಯೋ. ಇಂಥ ಸಣ್ಣ ಸಂಗತಿಗಳಲ್ಲಿಯೇ ಒಂದು ಪ್ರಭೇದ ಇನ್ನೊಂದರಿಂದ ಬೇರೆಯಾಗುತ್ತದೆ.

ಹೋಲಿಕೆಗೆ ಇಂದಿನ ಎಲೆಗಳು ಬೇಕೇ ಬೇಕು. ಅವುಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಬಣ್ಣ ತೆಗೆದು, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಕೊಟ್ಟರೆ ನರಜಾಲ ಪೂರ್ತಿ ಎದ್ದು ಕಾಣುತ್ತದೆ. ಹಾಗೆ ತಯಾರಾದ ಒಂದೇ ಪ್ರಭೇದದ ಎಲೆಗಳನ್ನು ಸಾಲಾಗಿ ಜೋಡಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಅವುಗಳ ನಡುವಿನ ವ್ಯತ್ಯಾಸ. ಬಿಸಿಲಿನ ಕೊಂಬೆಯ ಎಲೆ ಚಿಕ್ಕದು, ದಪ್ಪ; ನೆರಳಿನದು ಅಗಲ, ತೆಳು. ಬುಡದಿಂದ ಚಿಗುರಿದ ಹೊಸ ಕೊಂಬೆಯ ಎಲೆ ತನ್ನ ಮರಕ್ಕೇ ಸೇರದ್ದೇನೋ ಎಂಬಷ್ಟು ದೊಡ್ಡದು, ಅದರ ಹಲ್ಲುಗಳು ಒರಟು. ಹತ್ತೊಂಬತ್ತನೆಯ ಶತಮಾನದ ಪಳೆಯುಳಿಕೆ ಗ್ರಂಥಗಳಲ್ಲಿ ಇಂಥ ವ್ಯತ್ಯಾಸಗಳಿಗೆಲ್ಲ ಬೇರೆ ಬೇರೆ ಹೆಸರು ಸಿಕ್ಕಿತು. ಒಂದೇ ಸರೋವರದ ಸುತ್ತ ಎಷ್ಟೋ ಪ್ರಭೇದಗಳಿದ್ದವು ಎಂಬ ಚಿತ್ರ ಮೂಡಿತು. ಆ ಕಾಲದವರನ್ನು ದೂರಲು ನನಗೆ ಮನಸ್ಸಿಲ್ಲ, ಅವರ ಚಿತ್ರಗಳ ಸೂಕ್ಷ್ಮತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅದರಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಹೊಸ ಪ್ರಭೇದವನ್ನು ವಿವರಿಸುವಾಗ ಚಂದದ ಎಲೆಗಳನ್ನು ಮಾತ್ರ ಆರಿಸಬಾರದು. ಮುದುಡಿದ್ದು, ಹುಳು ತಿಂದದ್ದು, ಬುಡ ಮಾತ್ರ ಉಳಿದದ್ದು, ಎಲ್ಲವನ್ನೂ ಅಳೆಯಬೇಕು. ಉದ್ದ ಮತ್ತು ಅಗಲದ ಅನುಪಾತವಾಗಲಿ, ಪಕ್ಕದ ನರಗಳ ಸಂಖ್ಯೆಯಾಗಲಿ, ಅವು ನಡುನರದಿಂದ ಹೊರಡುವ ಕೋನವಾಗಲಿ, ಒಂದು ಎಲೆಯ ಅಂಕಿಯಾಗಿ ಬಂದರೆ ಅದಕ್ಕೆ ಬೆಲೆ ಕಡಿಮೆ. ಇಷ್ಟರಿಂದ ಇಷ್ಟರವರೆಗೆ ಎಂದು ವ್ಯಾಪ್ತಿಯಾಗಿ ಬರಬೇಕು.

ಹೀಗೆ ಸಾಕಷ್ಟು ಎಲೆಗಳಿದ್ದರೆ ಒಂದು ಪ್ರಭೇದದ ಗೆರೆ ಎಳೆಯಬಹುದು. ಆದರೆ ಅದು ಆಲ್ಡರ್ ಎಂದು ಹೇಳುವುದು ಹೇಗೆ? ಎಲೆಯ ದೌರ್ಬಲ್ಯ ಇರುವುದು ಇಲ್ಲಿಯೇ. ನೇರವಾದ ಪಕ್ಕದ ನರ, ಎರಡು ಹಂತದ ಹಲ್ಲು, ಏಣಿಯಂಥ ಅಡ್ಡನರ, ಇವು ಬರ್ಚ್‌ನಲ್ಲೂ ಇವೆ, ಅದೇ ಕುಟುಂಬದ ಹೇಝಲ್‌ನಲ್ಲೂ ಇವೆ, ಹಾರ್ನ್‌ಬೀಮ್‌ನಲ್ಲೂ ಇವೆ. ದೂರದ ಎಲ್ಮ್ ಮರವೂ ಇದೇ ವೇಷ ಹಾಕುತ್ತದೆ. ಇನ್ನೊಂದು ಕಡೆ ನೋಡಿದರೆ ಆಲ್ನಸ್ ನೆಪಾಲೆನ್ಸಿಸ್‌ನಂಥ ಅಸಲಿ ಆಲ್ಡರ್‌ನ ಎಲೆಯಂಚಿನಲ್ಲಿ ಹಲ್ಲುಗಳು ಇದ್ದೂ ಇಲ್ಲದಂತಿರುತ್ತವೆ. ಸ್ವಿಟ್ಜರ್ಲೆಂಡಿನ ಓಸ್ವಾಲ್ಡ್ ಹೇರ್ ಆ ಶತಮಾನದ ದೊಡ್ಡ ಸಸ್ಯ ಪಳೆಯುಳಿಕೆ ತಜ್ಞ. ಅವನು 1859ರಲ್ಲಿ ಒಂದು ಎಲೆಯನ್ನು ರಾಮ್ನಸ್ ಕುಲಕ್ಕೆ ಸೇರಿಸಿ ರಾಮ್ನಸ್ ಗೌಡಿನಿ ಎಂದು ಕರೆದ. ರಾಮ್ನಸ್ ಎಂದರೆ ಬಾರೆಹಣ್ಣಿನ ಕುಟುಂಬದ ಗಿಡ, ಆಲ್ಡರ್‌ಗೂ ಅದಕ್ಕೂ ಹತ್ತಿರದ ನಂಟಿಲ್ಲ. 1976ರಲ್ಲಿ ಕ್ನೋಬ್ಲೋಕ್ ಮತ್ತು ಕ್ವಾಚೆಕ್ ಅದನ್ನು ಆಲ್ನಸ್ ಗೌಡಿನಿ ಎಂದು ಸರಿಯಾದ ಮನೆಗೆ ತಂದರು. ಅದಕ್ಕೂ ಹಳೆಯ ಕಥೆ ಹತ್ತೊಂಬತ್ತನೆಯ ಶತಮಾನದ ಆರಂಭದ ಸಸ್ಯ ಪಳೆಯುಳಿಕೆ ತಜ್ಞ ಸ್ಟೆರ್ನ್‌ಬರ್ಗ್‌ನದು. ಯಾವ ಮರವೆಂದು ಗೊತ್ತಾಗದ ಎಲೆಗಳಿಗೆಲ್ಲ ಆಗ ಫಿಲೈಟೀಸ್ ಎಂಬ ಸಾಮಾನ್ಯ ಹೆಸರಿತ್ತು. ಅವನು ಆ ಹೆಸರಿನಡಿ ಇಟ್ಟಿದ್ದ ಒಂದು ಎಲೆ 1974ರಲ್ಲಿ ಕ್ವಾಚೆಕ್ ಮತ್ತು ಹೋಲಿ ಅವರ ಕೈಯಲ್ಲಿ ಆಲ್ನಸ್ ಜೂಲಿಯಾನಿಫಾರ್ಮಿಸ್ ಆಯಿತು. ಎಲೆ ಅದೇ ಎಲೆ. ಅದು ಯಾವ ಕುಲದ್ದು ಎಂದು ಇತ್ಯರ್ಥವಾಗಲು ಒಂದೂವರೆ ಶತಮಾನ ಹಿಡಿಯಿತು.

ಶಂಕುವಿನ ಕಥೆ ಇದಕ್ಕೆ ತದ್ವಿರುದ್ಧ.

ಆಲ್ಡರ್ ಹೂಬಿಡುವ ಮರ, ಪೈನ್ ಬಳಗದ್ದಲ್ಲ. ಆದರೂ ಅದರ ಹೆಣ್ಣು ಹೂಗೊಂಚಲು ಬಲಿತಾಗ ಮರದಷ್ಟು ಗಟ್ಟಿಯಾಗಿ, ಪುಟ್ಟ ಪೈನ್ ಶಂಕುವಿನ ರೂಪ ತಾಳುತ್ತದೆ. ಯುರೋಪಿನ ಆಲ್ಡರ್‌ನಲ್ಲಿ ಅದರ ಉದ್ದ ಒಂದೆರಡು ಸೆಂಟಿಮೀಟರ್. ಬೀಜ ಉದುರಿದ ಮೇಲೂ ಅದು ಕೊಂಬೆಯಲ್ಲಿ ತಿಂಗಳುಗಟ್ಟಲೆ ಕಪ್ಪಗೆ ಉಳಿಯುತ್ತದೆ. ಪಳೆಯುಳಿಕೆಯಲ್ಲಿ ಶಂಕು ಉದ್ದಕ್ಕೆ ಸೀಳಿಕೊಂಡು ಸಿಕ್ಕರೆ ಅದೃಷ್ಟ. ನಡುವಿನ ದಂಡು ಒಂದು ಕಪ್ಪು ಗೆರೆ; ಅದರ ಎರಡೂ ಬದಿಗೆ ಹುರುಪೆಗಳು ಬುಡದಲ್ಲಿ ಕಿರಿದಾಗಿ ಹೊರಟು ತುದಿಗೆ ಹೋದಂತೆ ದಪ್ಪಗಾಗುತ್ತಾ ಬೆಣೆಯ ಆಕಾರ ಪಡೆಯುತ್ತವೆ, ಅವುಗಳ ಬುಡದ ಸಂದಿಯಲ್ಲಿ ಕಾಯಿಗಳು ಕೂತಿದ್ದ ಸಣ್ಣ ಪೊಳ್ಳು. ಅಪರೂಪಕ್ಕೆ ಒಂದು ಹುರುಪೆ ಎದುರುಮುಖವಾಗಿ ತೆರೆದುಕೊಂಡಿರುತ್ತದೆ. ಆಗ ಅದು ಅರ್ಧ ಬಿಚ್ಚಿದ ಬೀಸಣಿಗೆಯಂತೆ ಕಾಣುತ್ತದೆ, ಅಗಲವಾದ ಅಂಚಿನಲ್ಲಿ ಐದು ಹಾಲೆಗಳು. ಆ ಐದಕ್ಕೆ ಕಾರಣವಿದೆ. ಹೂಗಳ ಕೆಳಗಿನ ಒಂದು ದೊಡ್ಡ ಹೂಪೊರೆಯೂ ನಾಲ್ಕು ಚಿಕ್ಕ ಪೊರೆಗಳೂ ಬೆಸೆದುಕೊಂಡು ಒಂದೇ ಹುರುಪೆಯಾಗಿವೆ. ಅದರ ಆಶ್ರಯದಲ್ಲಿ ಎರಡು ಕಾಯಿಗಳು. ಬರ್ಚ್‌ನಲ್ಲಿ ಬೆಸೆದಿರುವುದು ಮೂರೇ ಪೊರೆಗಳು, ಹಾಲೆಗಳು ಮೂರು, ಸಾಮಾನ್ಯವಾಗಿ ಕಾಯಿಗಳೂ ಮೂರು. ಅಷ್ಟೇ ಅಲ್ಲ, ಬರ್ಚ್‌ನ ಹುರುಪೆ ತೆಳು. ಬಲಿತೊಡನೆ ಕಾಯಿಗಳ ಜೊತೆಗೇ ಕಳಚಿ ಉದುರುತ್ತದೆ, ಶಂಕುವೇ ಪುಡಿಪುಡಿಯಾಗುತ್ತದೆ. ಆಲ್ಡರ್‌ನ ಹುರುಪೆ ದಂಡಿಗೆ ಅಂಟಿಕೊಂಡೇ ಉಳಿಯುತ್ತದೆ. ಗಟ್ಟಿಯಾದ, ಇಡಿಯಾಗಿ ಉಳಿದ, ಐದು ಹಾಲೆಗಳ ಹುರುಪೆಯುಳ್ಳ ಪುಟ್ಟ ಶಂಕು ಕಂಡರೆ ಬೇರೆ ಯಾವ ಕುಲದ ಹೆಸರನ್ನೂ ಹುಡುಕಬೇಕಾಗಿಲ್ಲ.

ಇಷ್ಟು ಖಚಿತವಾಗಿ ಕುಲವನ್ನು ಹೇಳುವ ಶಂಕು, ಪ್ರಭೇದದ ವಿಷಯದಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಕೆಲವು ದೊಡ್ಡ ಗುಂಪುಗಳನ್ನು ಬೇರ್ಪಡಿಸಬಹುದು, ನಿಜ. ಚೀನಾದ ಆಲ್ನಸ್ ಕ್ರೆಮಾಸ್ಟೋಗೈನ್‌ನಲ್ಲಿ ಶಂಕುಗಳು ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂಟಿಯಾಗಿ ತೂಗುತ್ತವೆ, ನೆಪಾಲೆನ್ಸಿಸ್‌ನಲ್ಲಿ ಅವು ಕವಲೊಡೆದ ಗೊಂಚಲುಗಳಲ್ಲಿ ಗುಂಪುಗುಂಪಾಗಿ ಬರುತ್ತವೆ. ಆಲ್ನಸ್ ವಿರಿಡಿಸ್ ಮತ್ತು ಅದರ ಬಂಧುಗಳ ಕಾಯಿಗಳಿಗೆ ಅಗಲವಾದ ತೆಳು ರೆಕ್ಕೆ ಇರುತ್ತದೆ, ಗ್ಲುಟಿನೋಸಾದಲ್ಲಿ ರೆಕ್ಕೆ ಬರೀ ಕಿರಿದಾದ ಅಂಚು. ಆದರೆ ಒಂದು ಗುಂಪಿನ ಒಳಗೆ ಬಂದಮೇಲೆ ಗಾತ್ರದ ಅಲ್ಪ ವ್ಯತ್ಯಾಸ ಬಿಟ್ಟರೆ ಹೆಚ್ಚಿನದೇನೂ ಕೈಗೆ ಹತ್ತುವುದಿಲ್ಲ; ಮೇಲಾಗಿ ನೀರಿನಲ್ಲಿ ನೆಂದ ಶಂಕು ಮುಚ್ಚಿಕೊಳ್ಳುತ್ತದೆ, ಒಣಗಿದ್ದು ಅರಳಿಕೊಳ್ಳುತ್ತದೆ, ಹೂಳಿನ ಭಾರಕ್ಕೆ ಎರಡೂ ಚಪ್ಪಟೆಯಾಗುತ್ತವೆ, ಹಾಗಾಗಿ ಆ ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ಸಾರಾಂಶದಲ್ಲಿ ಕುಲಕ್ಕೆ ಸಾಕ್ಷಿ ಶಂಕು, ಪ್ರಭೇದಕ್ಕೆ ಸಾಕ್ಷಿ ಎಲೆ. ಎರಡನ್ನೂ ಸೇರಿಸಿದರೆ ಮಾತ್ರ ‘ಇದು ಆಲ್ಡರ್, ಇದುವರೆಗೆ ಯಾರೂ ವಿವರಿಸದ ಆಲ್ಡರ್’ ಎನ್ನುವ ವಾಕ್ಯ ಪೂರ್ಣವಾಗುತ್ತದೆ. ಮತ್ತು ಆ ಸೇರಿಸುವಿಕೆಗೆ ಕಲ್ಲು ತಾನಾಗಿ ಪುರಾವೆ ಕೊಡುವುದಿಲ್ಲ, ನಾವು ವಾದ ಮಾಡಿ ಒಪ್ಪಿಸಬೇಕು.

ಪ್ರಭೇದ ವಿವರಣೆಗಳನ್ನು ಓದುವಾಗ ನಾನು ನೇರವಾಗಿ ಹುಡುಕುವುದು ಈ ವಾದವನ್ನು. ಎಷ್ಟೋ ಕಡೆ ಅದು ಒಂದೇ ಸಾಲಿನಲ್ಲಿ ಮುಗಿದಿರುತ್ತದೆ: ಎಲೆಯೂ ಶಂಕುವೂ ಒಂದೇ ಪದರದಲ್ಲಿ ಸಿಕ್ಕಿವೆ, ಆದ್ದರಿಂದ ಒಂದೇ ಗಿಡದವು. ಈ ‘ಆದ್ದರಿಂದ’ವನ್ನು ಒಪ್ಪಲು ನನಗೆ ಆಗುವುದಿಲ್ಲ. ಬ್ರಿಡ್ಜ್ ಕ್ರೀಕ್ ಪದರಗಳನ್ನೇ ನೋಡಿ. ಮೇಯರ್ ಮತ್ತು ಮ್ಯಾಂಚೆಸ್ಟರ್ 1997ರಲ್ಲಿ ಆ ಸಸ್ಯಸಮೂಹವನ್ನು ಮರುಪರಿಶೀಲಿಸಿದಾಗ ಅಲ್ಲಿ ಆಲ್ನಸ್ ಹೆಟೆರೊಡಾಂಟಾ, ಆಲ್ನಸ್ ನ್ಯೂಬೆರ್ರಿ ಎಂಬ ಎರಡು ಆಲ್ಡರ್‌ಗಳನ್ನು ಗುರುತಿಸಿದರು. ಒಂದೇ ನೀರಿನ ಸುತ್ತ ಎರಡು ಆಲ್ಡರ್‌ಗಳಿದ್ದರೆ, ಪಕ್ಕದಲ್ಲಿ ಬಿದ್ದಿರುವ ಶಂಕು ಯಾವುದರದ್ದು? ಅಕ್ಕಪಕ್ಕ ಇದ್ದ ಮಾತ್ರಕ್ಕೆ ನಂಟು ಸಾಬೀತಾಗದು. ಶಂಕು ತೇಲಬಲ್ಲದು, ಎಲೆಗಿಂತ ಹೆಚ್ಚು ಕಾಲ ಕೊಳೆಯದೆ ಇರಬಲ್ಲದು, ಹೊಳೆಯ ಮೇಲ್ಭಾಗದಿಂದ ಬಂದು ಇಲ್ಲಿ ಮುಳುಗಿರಬಹುದು.

ಹಾಗಾದರೆ ಯಾವುದು ಸಾಬೀತುಪಡಿಸುತ್ತದೆ? ಎಲೆಯೂ ಶಂಕುವೂ ಅಂಟಿಕೊಂಡೇ ಇರುವ ಒಂದು ಕಿರುಕೊಂಬೆ ಸಿಕ್ಕಿದರೆ ಮಾತೇ ಬೇಡ. ಅದು ಸಿಗುವುದು ಅಪರೂಪ, ಏಕೆಂದರೆ ಎಲೆ ಉದುರಿದ ಮೇಲೂ ಶಂಕು ಕೊಂಬೆಯಲ್ಲಿ ಉಳಿಯುತ್ತದೆ, ಎರಡೂ ನೀರಿಗೆ ಬೀಳುವ ಹೊತ್ತು ಬೇರೆ. ಎರಡನೆಯದು ಅಂಗರಚನೆಯ ಗುರುತು. ಇದಕ್ಕೆ ನನ್ನ ಕಣ್ಣಿನಲ್ಲಿ ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಆಲ್ಡರ್‌ಗಿಂತ ಬಹಳ ಹಳೆಯದಾದ, ಕಲ್ಲಿದ್ದಲ ಯುಗದ ಒಂದು ಗಿಡ. 1903ರಲ್ಲಿ ಬ್ರಿಟನ್ನಿನ ಆಲಿವರ್ ಮತ್ತು ಸ್ಕಾಟ್, ಲಾಜಿನೊಸ್ಟೋಮ ಎಂಬ ಒಂಟಿ ಬೀಜದ ಹೊರಕವಚದ ಮೇಲೆ ತಲೆ ದುಂಡಗಿರುವ ವಿಶಿಷ್ಟ ಗ್ರಂಥಿಗಳನ್ನು ಗಮನಿಸಿದರು. ಅದೇ ಪದರಗಳಲ್ಲಿ ಸಿಗುತ್ತಿದ್ದ, ಜರೀಗಿಡದಂತೆ ಕಾಣುವ ಲಿಜಿನೊಡೆಂಡ್ರಾನ್ ಎಂಬ ಗಿಡದ ಕಾಂಡ ಮತ್ತು ಎಲೆಗಳ ಮೇಲೂ ಅದೇ ಗ್ರಂಥಿಗಳಿದ್ದವು. ಅಷ್ಟು ಸಣ್ಣ ಗುರುತನ್ನು ಹಿಡಿದು ಅವರು ಬೀಜವನ್ನೂ ಕಾಂಡವನ್ನೂ ಒಂದುಗೂಡಿಸಿದರು. ಬೀಜ ಬಿಡುವ ಜರೀಗಿಡಗಳೆಂಬ ಒಂದು ಅಳಿದ ಗುಂಪೇ ಅದರಿಂದ ಬೆಳಕಿಗೆ ಬಂತು. ಬೀಜ ಕಾಂಡಕ್ಕೆ ಅಂಟಿಕೊಂಡಿರುವುದನ್ನು ಅವರು ಕಂಡಿರಲಿಲ್ಲ. ವಾದ ನಿಂತದ್ದು ಗ್ರಂಥಿಗಳ ಮೇಲೆ, ಅಂಥ ಗ್ರಂಥಿಗಳಿರುವ ಬೇರೆ ಗಿಡ ಆ ಪದರದಲ್ಲಿ ಇರಲಿಲ್ಲ ಎಂಬುದರ ಮೇಲೆ.

ಆಲ್ಡರ್‌ನಲ್ಲಿ ಅಂಥ ಗುರುತು ಪರಾಗದಿಂದ ಸಿಗುತ್ತದೆ. ಗಾಳಿಗೆ ಪರಾಗ ತೂರುವ ಮರ ಇದು. ಕಣದ ಅಂಚಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ರಂಧ್ರಗಳು, ಒಂದು ರಂಧ್ರದಿಂದ ಇನ್ನೊಂದಕ್ಕೆ ಕಮಾನಿನಂತೆ ಬಾಗಿದ ದಪ್ಪ ಪಟ್ಟಿಗಳು. ಒಮ್ಮೆ ನೋಡಿದವರು ಮರೆಯುವುದಿಲ್ಲ. ಈ ಬಗೆಯ ಪರಾಗ ಕ್ರಿಟೇಶಿಯಸ್ ಯುಗದ ಕೊನೆಯ ಭಾಗದ ಪದರಗಳಲ್ಲೇ ಕಾಣಿಸಿಕೊಳ್ಳುತ್ತದೆ, ಅಂದರೆ ಡೈನೋಸಾರ್‌ಗಳು ಇನ್ನೂ ಇದ್ದ ಕಾಲದಲ್ಲಿ. ಗಂಡು ಹೂಗೊಂಚಲಿನ ಪಳೆಯುಳಿಕೆಯೊಳಗೆ ಈ ಪರಾಗ ಇನ್ನೂ ಉಳಿದಿದ್ದರೆ ಆ ಗೊಂಚಲು ಆಲ್ಡರ್‌ನದೆಂಬುದು ಖಚಿತ. 2014ರಲ್ಲಿ ಲ್ಯೂ, ಮ್ಯಾಂಚೆಸ್ಟರ್ ಮತ್ತು ಜಿನ್ ಪಶ್ಚಿಮ ಉತ್ತರ ಅಮೆರಿಕದ ಈಯೊಸೀನ್ ಯುಗದ, ಅಂದರೆ ರಿಪಬ್ಲಿಕ್ ಪದರಗಳ ಕಾಲದ, ಆಲ್ಡರ್‌ಗಳ ಎಲೆ, ಹೂಗೊಂಚಲು, ಪರಾಗ, ಕಾಯಿ ಇಷ್ಟನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮೊದಲು ಓದಬೇಕಾದ್ದು ಅಂಥ ಅಧ್ಯಯನಗಳನ್ನು.

ಮೂರನೆಯದು ಪುನರಾವರ್ತನೆ. ಒಂದೇ ಬಗೆಯ ಎಲೆ, ಒಂದೇ ಬಗೆಯ ಶಂಕು ಒಂದು ಜಾಗದಲ್ಲಿ ಮಾತ್ರವಲ್ಲದೆ ದೂರದೂರದ, ಬೇರೆ ಬೇರೆ ಸರೋವರಗಳ ಪದರಗಳಲ್ಲೂ ಜೊತೆಯಾಗಿಯೇ ಸಿಗುತ್ತವೆಯೇ? ಎಲೆ ಇಲ್ಲದ ಕಡೆ ಶಂಕುವೂ ಇಲ್ಲವೇ? ಆ ಪದರದಲ್ಲಿ ಬೆಟುಲೇಸಿ ಕುಟುಂಬದ ಬೇರೆ ಎಲೆಗಳು ಇದ್ದರೆ, ಅವಕ್ಕೆ ತಕ್ಕ ಕಾಯಿಗಳು ಪ್ರತ್ಯೇಕವಾಗಿ ಸಿಕ್ಕಿವೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಬರ್ಚ್‌ನ ಎಲೆಗೆ ಬರ್ಚ್‌ನ ಹುರುಪೆ ಸಿಕ್ಕಿ, ಉಳಿದದ್ದು ಒಂದೇ ಬಗೆಯ ಎಲೆ, ಒಂದೇ ಬಗೆಯ ಶಂಕು ಎಂದಾದರೆ ಆಗ ಅವೆರಡನ್ನೂ ಜೋಡಿಸಲು ನನ್ನ ಕೈ ಅಂಜುವುದಿಲ್ಲ.

ಇಷ್ಟಾದ ಮೇಲೆ ಹೆಸರಿಡುವ ಹಂತ. ಸಸ್ಯನಾಮಗಳ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಪಳೆಯುಳಿಕೆ ಸಸ್ಯಗಳ ಹೆಸರುಗಳ ಎಣಿಕೆ ಶುರುವಾಗುವುದು 1820ರ ಡಿಸೆಂಬರ್ 31ರಿಂದ, ಆಗಲೇ ಹೇಳಿದ ಸ್ಟೆರ್ನ್‌ಬರ್ಗ್‌ನ ಗ್ರಂಥವನ್ನು ಆಧಾರವಾಗಿ ಹಿಡಿದು. 1912ರಿಂದ ಚಿತ್ರ ಕಡ್ಡಾಯ, 1958ರಿಂದ ಹೆಸರು ಯಾವ ಮಾದರಿಗೆ ಅಂಟಿರುತ್ತದೋ ಆ ಆಧಾರಮಾದರಿಯನ್ನು ಸೂಚಿಸುವುದು ಕಡ್ಡಾಯ, 1990ರಿಂದ ಅದು ಯಾವ ಸಂಗ್ರಹದಲ್ಲಿದೆ ಎಂದು ಬರೆಯುವುದೂ ಕಡ್ಡಾಯ. ಇವೆಲ್ಲ ಶಿಸ್ತಿನ ಸಂಗತಿಗಳು, ಪಾಲಿಸಿದರೆ ಮುಗಿಯಿತು. ತಲೆಕೆಡಿಸುವ ನಿಯಮ ಬೇರೆ ಇದೆ: ಪ್ರಭೇದದ ಆಧಾರಮಾದರಿ, ಅಂದರೆ ಹೋಲೋಟೈಪ್, ಒಂದೇ ಮಾದರಿಯಾಗಿರಬೇಕು. ಕಲ್ಲು ಸೀಳಿದಾಗ ದೊರೆತ ಎರಡು ಎದುರುಬದುರು ಅಚ್ಚುಗಳನ್ನು ಒಂದೇ ಎಂದು ಎಣಿಸಬಹುದು. ಆದರೆ ಎಲೆ ಮತ್ತು ಬಿಡಿ ಶಂಕು ಎರಡನ್ನೂ ಸೇರಿಸಿ ಹೋಲೋಟೈಪ್ ಎನ್ನುವಂತಿಲ್ಲ. ಒಂದನ್ನು ಆರಿಸಲೇಬೇಕು. ನಾಳೆ ಯಾರಾದರೂ ಎಲೆಯೇ ಬೇರೆ, ಶಂಕುವೇ ಬೇರೆ ಎಂದು ತೋರಿಸಿಕೊಟ್ಟರೆ, ಹೆಸರು ಹೋಲೋಟೈಪ್ ಆದ ಭಾಗದ ಜೊತೆ ಉಳಿಯುತ್ತದೆ, ಇನ್ನೊಂದು ಹೆಸರಿಲ್ಲದೆ ಹೊರಗೆ ನಿಲ್ಲುತ್ತದೆ.

ಶಂಕುವನ್ನೇ ಆರಿಸಬೇಕು, ಕುಲದ ಬಗ್ಗೆ ಅನುಮಾನ ಬರುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಬಲವಿದೆ. ಆದರೂ ನಾನು ಎಲೆಯ ಕಡೆ. ಯುರೋಪಿನ ಆಲ್ನಸ್ ಕೆಫರ್‌ಸ್ಟೈನಿಯನ್ನು ನೋಡಿದರೆ ನನ್ನ ಕಾರಣ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನ್ ಸಸ್ಯಶಾಸ್ತ್ರಜ್ಞ ಗ್ಯೋಪರ್ಟ್ ಕೆಫರ್‌ಸ್ಟೈನಿ ಎಂಬ ಹೆಸರನ್ನು ಕೊಟ್ಟದ್ದು ಎಲೆಗಲ್ಲ, ಹೂಗೊಂಚಲಿನ ಅವಶೇಷಗಳಿಗೆ. ಆಮೇಲೆ ಹಲವು ದೇಶಗಳ, ಹಲವು ಬಗೆಯ ಎಲೆಗಳು ಆ ಹೆಸರಿನಡಿ ಬಂದು ಸೇರಿದವು. ಅವುಗಳಲ್ಲಿ ಯಾವುದು ಅಸಲಿಗೆ ಸೇರಿದ್ದು ಎಂದು ಹೇಳಲು ಮೂಲ ಮಾದರಿಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಪ್ರಭೇದವನ್ನು ಪ್ರಭೇದವಾಗಿ ಗುರುತಿಸಲಾಗದ ಭಾಗದ ಮೇಲೆ ಹೆಸರನ್ನು ನಿಲ್ಲಿಸಿದರೆ ಮುಂದಿನವರಿಗೆ ಅದು ಹೊರೆಯಾಗುತ್ತದೆ. ಬುಡದಿಂದ ತುದಿಯವರೆಗೆ ಅಂಚು ಪೂರ್ತಿ ಉಳಿದ, ಅಡ್ಡನರಗಳು ಸ್ಪಷ್ಟವಾಗಿರುವ, ಗಾತ್ರದಲ್ಲಿ ತನ್ನ ಬಳಗದ ನಡುಮಟ್ಟದ್ದಾದ ಎಲೆಯೊಂದು ಹೋಲೋಟೈಪ್ ಆಗಲಿ. ಶಂಕುವನ್ನು ಪ್ಯಾರಾಟೈಪ್ ಆಗಿ, ಅಂದರೆ ಹೋಲೋಟೈಪ್ ಜೊತೆಗೆ ಉಲ್ಲೇಖಿಸುವ ಪೂರಕ ಮಾದರಿಯಾಗಿ, ತನ್ನದೇ ಸಂಖ್ಯೆಯೊಂದಿಗೆ, ತನ್ನದೇ ಚಿತ್ರದೊಂದಿಗೆ ಇಡೋಣ.

ಬರೆಯುವ ಕ್ರಮದಲ್ಲೂ ನಾನು ಇದನ್ನೇ ಪಾಲಿಸುತ್ತೇನೆ. ಎಲೆಯ ವಿವರಣೆ ಒಂದು ಪರಿಚ್ಛೇದ, ಶಂಕುವಿನದು ಇನ್ನೊಂದು, ಒಂದರ ಮಾತು ಇನ್ನೊಂದರೊಳಗೆ ನುಸುಳಬಾರದು. ‘ಮರವು ಇಂಥ ಎಲೆಯನ್ನೂ ಇಂಥ ಶಂಕುವನ್ನೂ ಹೊಂದಿತ್ತು’ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಓದುವವರಿಗೆ ಜೋಡಣೆಯನ್ನು ಪ್ರಶ್ನಿಸಲು ಜಾಗವೇ ಇರುವುದಿಲ್ಲ. ಎರಡನ್ನೂ ಜೋಡಿಸುವ ವಾದಕ್ಕೆ ಚರ್ಚೆಯ ಭಾಗದಲ್ಲಿ ಪ್ರತ್ಯೇಕ ಸ್ಥಾನ ಇರಬೇಕು. ಎಷ್ಟು ಹಲಗೆಗಳಲ್ಲಿ ಜೊತೆಯಾಗಿ ಕಂಡವು, ಎಷ್ಟರಲ್ಲಿ ಎಲೆ ಮಾತ್ರ, ಎಷ್ಟರಲ್ಲಿ ಶಂಕು ಮಾತ್ರ, ಆ ಕುಟುಂಬದ ಬೇರೆ ಯಾವ ಗಿಡಗಳು ಅಲ್ಲಿದ್ದವು, ಎಲ್ಲವನ್ನೂ ಅಲ್ಲಿ ಬಿಡಿಸಿ ಹೇಳಬೇಕು. ಪದರದಲ್ಲಿ ಗಂಡು ಹೂಗೊಂಚಲು ಸಿಕ್ಕಿದ್ದರೆ ಅದರ ಒಂದು ಚೂರನ್ನು ಕರಗಿಸಿ ಪರಾಗ ತೆಗೆದು ನೋಡುವವರೆಗೆ ಹಸ್ತಪ್ರತಿಯನ್ನು ಕಳುಹಿಸಬಾರದು ಎಂಬುದು ನನ್ನ ಹಟ. ಪರಾಗ ಸಿಗಲಿಲ್ಲವೆಂದರೆ ಸಿಗಲಿಲ್ಲವೆಂದೇ ಬರೆಯಬೇಕು. ಮುಂದೆ ಅದೇ ಪದರವನ್ನು ಅಗೆಯುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಆ ಒಂದು ಸಾಲಿನಿಂದ ತಿಳಿಯುತ್ತದೆ.